ಗಡ್ಡೆಯ ಇಳಿಜಾರಿನಿಂದ ಸಣ್ಣ ದೋಣಿಯನ್ನು ನೀರಿಗಿಳಿಸುವ ಕ್ರಮ

ಕೃಷ್ಣೆ ಮತ್ತು ತುಂಗಭದ್ರೆಯ ದಂಡೆಯಲ್ಲಿರುವ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ದೋಣಿ ಎಂದರೆ ಮೊದಲು ಕಣ್ಣ ಮುಂದೆ ಬರುವುದು ಹರಿಗೋಲು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ಜನ ಹೊಳೆ ದಾಟುತ್ತಿದ್ದುದನ್ನು ಕಂಡು, ಆ ದೋಣಿಗಳು ಬುಟ್ಟಿಯಂತೆ ದುಂಡಗಿದ್ದು ಒಳಗೆ ಬೆತ್ತ, ಹೊರಗೆ ಚರ್ಮದಿಂದ ಮಾಡಲ್ಪಟ್ಟಿವೆಯೆಂದೂ, ಅವು ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತವೆಯೆಂದೂ ಬರೆದಿಟ್ಟಿದ್ದಾನೆ. ಇಂದು ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಹರಿಗೋಲಿನ ಪಕ್ಕದಲ್ಲಿ ಫೈಬರ್ ದೋಣಿಗಳೂ ಸಣ್ಣ ಮೋಟಾರ್ ಕಟ್ಟಿದ ದೋಣಿಗಳೂ ನಿಂತಿವೆ. ಸುತ್ತುವ ಗುಣ ಮಾತ್ರ ಹರಿಗೋಲನ್ನು ಬಿಟ್ಟು ಹೋಗಿಲ್ಲ.

ದೋಣಿಯನ್ನು ನಡೆಸುವ ವಿದ್ಯೆಯನ್ನು ಅಂಬಿಗರ ಮನೆಯಲ್ಲಿಯೇ ಕಲಿಯಬೇಕು, ಓದಿ ಕಲಿಯಲಾಗದು. ಈ ಲೇಖನ ಅದಕ್ಕಿಂತ ಮೊದಲಿನ ಕೆಲಸಕ್ಕೆ, ಎಂದರೆ ನಡುಗಡ್ಡೆಯಲ್ಲಾಗಲಿ ಎದುರು ದಂಡೆಯಲ್ಲಾಗಲಿ ಎಲ್ಲರೂ ಬಳಸುವ ಇಳಿಜಾರಿನಿಂದ ದೋಣಿಯನ್ನು ನೀರಿಗಿಳಿಸಿ, ಹತ್ತಿ ಕುಳಿತು, ದಂಡೆಯಿಂದ ಮೊದಲ ಇಪ್ಪತ್ತು ಮಾರು ದೂರ ಹೋಗುವವರೆಗಿನ ಕೆಲಸಕ್ಕೆ ಸೀಮಿತವಾಗಿದೆ. ಕುರ್ವಕಲಾ, ಕುರ್ವಕುರ್ದ, ನಾರದಗಡ್ಡೆಯಂತಹ ಕೃಷ್ಣೆಯ ನಡುಗಡ್ಡೆಗಳಿಗೆ ಹೋಗಿಬರುವವರನ್ನೂ, ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ದೋಣಿ ಇಳಿಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ನೀರಿನ ಅಂಚು ಇಂದು ಎಲ್ಲಿದೆ?

ನಮ್ಮ ಕಡೆಯ ಇಳಿಜಾರುಗಳ ಮುಖ್ಯ ಲಕ್ಷಣವೆಂದರೆ ಅವುಗಳ ಮೇಲೆ ನೀರು ಒಂದು ಕಡೆ ನಿಲ್ಲುವುದಿಲ್ಲ. ಕಡಲ ತೀರದಲ್ಲಿ ಉಬ್ಬರವಿಳಿತಕ್ಕೆ ಗಳಿಗೆಯ ಲೆಕ್ಕವಿದೆ. ಇಲ್ಲಿ ನೀರನ್ನು ಏರಿಸಿ ಇಳಿಸುವುದು ಮೇಲಿನ ಅಣೆಕಟ್ಟು. ಆದ್ದರಿಂದ ಮನೆ ಬಿಡುವ ಮುನ್ನವೇ ಮಾಡಬೇಕಾದ ಮೊದಲ ಕೆಲಸವೆಂದರೆ ಆ ದಿನದ ಹೊರಹರಿವನ್ನು ತಿಳಿದುಕೊಳ್ಳುವುದು. ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕುಗಳ ಗಡ್ಡೆಗಳಿಗೆ ಹೋಗುವವರು ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಷ್ಟು ನೀರು ಬಿಡಲಾಗಿದೆ ಎಂದು ನೋಡಬೇಕು. ಕಾಡ್ಲೂರಿನ ಹತ್ತಿರ ಭೀಮೆ ಕೃಷ್ಣೆಯನ್ನು ಕೂಡುವುದರಿಂದ ಅಲ್ಲಿಂದ ಕೆಳಗಿನವರು ಭೀಮೆಯ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆನೆಗೊಂದಿ, ವಿರೂಪಾಪುರಗಡ್ಡೆ, ಕಂಪ್ಲಿ, ಸಿರುಗುಪ್ಪದ ಕಡೆಯವರಿಗೆ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳೇ ಪಂಚಾಂಗ.

ಪತ್ರಿಕೆಯಲ್ಲಿ ಬರುವ ಕ್ಯುಸೆಕ್ ಲೆಕ್ಕ ಅನೇಕರಿಗೆ ಬರಿಯ ಅಂಕಿಯಾಗಿ ಉಳಿಯುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ಬಿಟ್ಟಿದ್ದಾರೆಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು ನೀರು ನೀವು ನಿಂತ ದಂಡೆಯನ್ನು ದಾಟಿ ಹೋಗುತ್ತಿದೆ ಎಂದು ಅರ್ಥ, ಮೂರು ಗಂಟೆ ತುಂಬುವ ಮೊದಲೇ ಒಂದು ಟಿಎಂಸಿ ಅಡಿ, ಎಂದರೆ ನೂರು ಕೋಟಿ ಘನ ಅಡಿ, ನೀರು ಸರಿದಿರುತ್ತದೆ. ಅಂಕಿಯ ಗೊಡವೆ ಬೇಡವೆನ್ನುವವರಿಗೆ ಹೊಳೆಯೇ ಕೆಲವು ಗುರುತುಗಳನ್ನು ಕೊಟ್ಟಿದೆ. ಲಿಂಗಸುಗೂರಿನ ಶೀಲಹಳ್ಳಿ ಸೇತುವೆ, ದೇವದುರ್ಗದ ಹೂವಿನಹೆಡಗಿ ಸೇತುವೆ, ಅಥವಾ ಕಂಪ್ಲಿ ಮತ್ತು ಗಂಗಾವತಿಯ ನಡುವಿನ ಸೇತುವೆ ಮುಳುಗಿದೆ ಎಂಬ ಸುದ್ದಿ ಬಂದರೆ ಆ ಹೊಳೆಯ ಮೇಲೆ ಅಂದು ಸಣ್ಣ ದೋಣಿ ಇಳಿಸುವ ಮಾತೇ ಇಲ್ಲ. ಅಂತಹ ದಿನಗಳಲ್ಲಿ ಜಿಲ್ಲಾಡಳಿತವೇ ಹರಿಗೋಲು ಸಂಚಾರವನ್ನು ನಿಷೇಧಿಸುತ್ತದೆ, ಡಂಗುರವನ್ನೂ ಸಾರಿಸುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ವಿರೂಪಾಪುರಗಡ್ಡೆಯಲ್ಲಿ ಸಿಲುಕಿಕೊಂಡ ಪ್ರವಾಸಿಗರನ್ನು ಹೊರತರಲು ಹೆಲಿಕಾಪ್ಟರ್ ಬರಬೇಕಾಯಿತು ಎಂಬುದನ್ನು ನೆನಪಿನಲ್ಲಿಟ್ಟರೆ ಆ ಡಂಗುರವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಾರರು.

ಮಳೆ ಇಲ್ಲದ ದಿನವೂ ಹೊಳೆ ಏರಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಸಂಜೆ ಕೆಳಗಿನ ದಂಡೆಯಲ್ಲಿ ದೋಣಿ ಕಟ್ಟಿ ಮಲಗಿದವನಿಗೆ ಇದು ಮುಂಚಿತವಾಗಿ ಗೊತ್ತಾಗುವ ಬಗೆ ಯಾವುದಿತ್ತು? ಆದ್ದರಿಂದ ಸುದ್ದಿಯ ಜೊತೆಗೆ ಸ್ಥಳದಲ್ಲಿಯೂ ಒಂದು ಪರೀಕ್ಷೆ ಬೇಕು. ಇಳಿಜಾರಿಗೆ ಬಂದ ಕೂಡಲೇ ನೀರು ಮುಟ್ಟುವ ಸರಿ ಅಂಚಿನಲ್ಲಿ ಒಂದು ಕಲ್ಲನ್ನಿಡಿ, ಅಥವಾ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ದೋಣಿ ಸಿದ್ಧವಾಗುವಷ್ಟರಲ್ಲಿ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಅಷ್ಟರಲ್ಲಿ ಕಲ್ಲು ಮುಳುಗಿದ್ದರೆ ನೀರು ಏರುತ್ತಿದೆ. ಕಾರಣ ತಿಳಿಯುವವರೆಗೆ ದೋಣಿ ದಂಡೆಯ ಮೇಲೆಯೇ ಇರಲಿ. ಅದರ ಜೊತೆಗೆ ತಿಳಿನೀರು ಕೆಂಪಗಾಗಿ, ಕಸಕಡ್ಡಿ, ಜೊಂಡು ತೇಲಿ ಬರುತ್ತಿದ್ದರೆ ಕಾರಣ ತಿಳಿಯಲು ಕಾಯುವ ಅಗತ್ಯವೂ ಇಲ್ಲ, ಹಿಂದಿರುಗುವುದೇ ಸರಿ.

ಹಿನ್ನೀರಿನಲ್ಲಿ ಈ ಲೆಕ್ಕ ಬೇರೆ. ತುಂಗಭದ್ರಾ ಜಲಾಶಯ ಮುಂಗಾರಿನಲ್ಲಿ 1,633 ಅಡಿಯ ಪೂರ್ಣ ಮಟ್ಟದ ಕಡೆಗೆ ಏರುತ್ತಾ ಬಂದು, ಕಾಲುವೆಗಳಿಗೆ ನೀರು ಹರಿದಂತೆಲ್ಲ ಬೇಸಿಗೆಯವರೆಗೆ ಇಳಿಯುತ್ತಾ ಹೋಗುತ್ತದೆ. ಎಂಟು ಅಡಿ ಉದ್ದಕ್ಕೆ ಒಂದು ಅಡಿ ಇಳಿಯುವ ಕಾಂಕ್ರೀಟ್ ಇಳಿಜಾರಿನಲ್ಲಿ ನೀರಿನ ಮಟ್ಟ ಒಂದಡಿ ತಗ್ಗಿದರೆ ಅಂಚು ಎಂಟು ಅಡಿ ಹಿಂದಕ್ಕೆ ಸರಿಯುತ್ತದೆ. ಅದೇ ಒಂದಡಿ, ಐವತ್ತಕ್ಕೆ ಒಂದರಂತೆ ಚಪ್ಪಟೆಯಾಗಿ ಹರಡಿದ ಮಣ್ಣಿನ ದಂಡೆಯಲ್ಲಿ ಐವತ್ತು ಅಡಿ ಕೆಸರನ್ನು ಬಯಲಿಗೆ ತರುತ್ತದೆ. ಕಳೆದ ವಾರ ದೋಣಿ ಇಳಿಸಿದ ಜಾಗದಲ್ಲಿಯೇ ಈ ವಾರವೂ ಇಳಿಸಬಹುದೆಂಬ ಭರವಸೆ ಹಿನ್ನೀರಿನಲ್ಲಿ ಯಾರಿಗೂ ಇಲ್ಲ.

ಇಳಿಜಾರನ್ನು ಕಾಲಿನಿಂದ ಅಳೆಯುವುದು

ಹೊಸ ಇಳಿಜಾರನ್ನು ವಾಹನ ಅಥವಾ ದೋಣಿಯೊಂದಿಗೆ ಪ್ರವೇಶಿಸುವ ಮೊದಲು ಬರಿಗೈಯಲ್ಲಿ, ಒಂದು ಬಿದಿರು ಗಳ ಹಿಡಿದು, ಮೇಲಿನಿಂದ ನೀರಿನವರೆಗೆ ನಡೆದು ನೋಡಬೇಕು. ಏಳೆಂಟು ಅಡಿಗೆ ಒಂದಡಿ ಇಳಿಯುವ ಇಳಿಜಾರು ಸಣ್ಣ ದೋಣಿಗಳಿಗೆ ಅನುಕೂಲ. ಅದಕ್ಕಿಂತ ಚಪ್ಪಟೆಯಾಗಿದ್ದರೆ ದೋಣಿ ತೇಲುವಷ್ಟರಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳೂ ನೀರಿನಲ್ಲಿರುತ್ತವೆ. ಅದಕ್ಕಿಂತ ಕಡಿದಾಗಿದ್ದರೆ ತೇವದಲ್ಲಿ ಗಾಲಿ ಹಿಡಿತ ಕಳೆದುಕೊಳ್ಳುತ್ತದೆ.

ಪಾಚಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನೀರು ಹಿಂದೆ ಸರಿದಾಗ ಹೊರಗೆ ಕಾಣುವ ಕಪ್ಪು ಹಸಿರು ಪಟ್ಟಿಯೇ ಅತ್ಯಂತ ಅಪಾಯದ ಭಾಗ, ಏಕೆಂದರೆ ಮೇಲೆ ಒಣಗಿದಂತೆ ತೋರಿದರೂ ಒಳಗೆ ಅದು ಲೋಳೆಯಾಗಿಯೇ ಇರುತ್ತದೆ. ಒಂದು ಪೊರಕೆಯಿಂದ ಆ ಪಟ್ಟಿಯನ್ನು ಉಜ್ಜಿ, ಒಂದು ಬುಟ್ಟಿ ಮರಳು ಚೆಲ್ಲಿ, ನಡೆಯುವಷ್ಟು ದಾರಿ ಮಾಡಿಕೊಳ್ಳುವುದು ಹತ್ತು ನಿಮಿಷದ ಕೆಲಸ. ರಬ್ಬರ್ ಚಪ್ಪಲಿ ಇಲ್ಲಿ ನಡೆಯದು. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಬೂಟು ಇರಲಿ. ಬರಿಗಾಲಿನಲ್ಲಿಯೇ ಹಿಡಿತ ಹೆಚ್ಚು ಎಂದು ಅಂಬಿಗರು ಹೇಳುವುದು ಅವರ ಕಾಲಿನ ಮಟ್ಟಿಗೆ ನಿಜ. ಒಡೆದ ಬಾಟಲಿ ಚೂರು, ತೆಂಗಿನ ಚಿಪ್ಪು, ಪೂಜೆಗೆ ಬಂದವರು ಬಿಟ್ಟುಹೋದ ಫೋಟೋ ಗಾಜುಗಳ ನಡುವೆ ನಮ್ಮ ನಿಮ್ಮ ಕಾಲುಗಳಿಗೆ ಆ ಮಾತು ಅನ್ವಯಿಸದು.

ಬಳಿಕ ಗಳವನ್ನು ನೀರಿನೊಳಗೆ ಊರುತ್ತಾ ಕಾಂಕ್ರೀಟ್ ಎಲ್ಲಿ ಮುಗಿಯುತ್ತದೆ ಎಂದು ಹುಡುಕಬೇಕು. ಪ್ರವಾಹ ಮತ್ತು ಮೋಟಾರಿನ ತಿರುಪುಗಾಲಿ (ಪ್ರೊಪೆಲ್ಲರ್) ಎರಡೂ ಕಾಂಕ್ರೀಟಿನ ಕೊನೆಯಂಚಿನ ಕೆಳಗಿನ ಮಣ್ಣನ್ನು ಕೊರೆದು ತೆಗೆಯುತ್ತವೆ, ಅಲ್ಲಿ ಒಮ್ಮೆಲೇ ಮೊಣಕಾಲು ಆಳದ ಹಳ್ಳವಿರಬಹುದು. ಟ್ರೇಲರಿನ ಗಾಲಿ ಅದರೊಳಗೆ ಇಳಿದರೆ ಅಚ್ಚು ಕಾಂಕ್ರೀಟಿಗೆ ಸಿಕ್ಕಿ, ಎಳೆದರೂ ಬರುವುದಿಲ್ಲ. ಅಂಚು ಸಿಕ್ಕ ಜಾಗದ ನೇರಕ್ಕೆ ದಂಡೆಯ ಮೇಲೊಂದು ಗುರುತು ಮಾಡಿಟ್ಟುಕೊಂಡರೆ ಮುಂದಿನ ಕೆಲಸ ಸುಲಭ. ಆನೆಗೊಂದಿಯ ಕಡೆ ನೀರಿನ ಕೆಳಗೆ ಹಾಸುಬಂಡೆಗಳೇ ಇರುವುದರಿಂದ ಗಳದ ಪರೀಕ್ಷೆ ಅಲ್ಲಿ ಬಂಡೆಯ ಮೂಲೆಗಳನ್ನು ತಿಳಿಯುವುದಕ್ಕೂ ಬೇಕು.

ಗಡ್ಡೆಯಲ್ಲಿ ಇನ್ನೊಂದು ಆಯ್ಕೆ ನಿಮ್ಮ ಕೈಯಲ್ಲಿದೆ: ಯಾವ ಬದಿಯಿಂದ ಇಳಿಸುವುದು? ಗಡ್ಡೆಯ ತಲೆಯ ಭಾಗದಲ್ಲಿ ಹೊಳೆ ಸೀಳಿಕೊಂಡು ಎರಡಾಗುವುದರಿಂದ ಅಲ್ಲಿ ಸೆಳವು ಹೆಚ್ಚು, ಇಳಿಸಿದ ದೋಣಿಯನ್ನು ನೀರು ದಂಡೆಗೇ ಒತ್ತುತ್ತದೆ. ಬಾಲದ ಭಾಗದಲ್ಲಿ ನೀರು ನಿಧಾನ, ಕೆಲವೊಮ್ಮೆ ಹಿಮ್ಮುಖವಾಗಿಯೂ ಸುಳಿಯುತ್ತದೆ. ಸಾರ್ವಜನಿಕ ಇಳಿಜಾರು ಎಲ್ಲಿದ್ದರೂ, ಎರಡು ಆಯ್ಕೆ ಇರುವಾಗ ಬಾಲದ ಕಡೆಯ ನಿಧಾನವಾದ ನೀರನ್ನೇ ನಾನು ಆರಿಸುತ್ತೇನೆ, ನಡಿಗೆ ಅರ್ಧ ಕಿಲೋಮೀಟರ್ ಹೆಚ್ಚಾದರೂ ಸರಿ.

ಮೇಲೆಯೇ ಮುಗಿಯಬೇಕಾದ ಸಿದ್ಧತೆ

ಇಳಿಜಾರು ಎಲ್ಲರದು. ಹಾಲಿನ ಕ್ಯಾನು ತಂದವರು, ಶಾಲೆಗೆ ಹೊರಟ ಮಕ್ಕಳು, ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು ಎಲ್ಲರೂ ಅದೇ ಹತ್ತು ಹನ್ನೆರಡು ಅಡಿ ಅಗಲದ ಜಾಗವನ್ನು ಹಂಚಿಕೊಳ್ಳಬೇಕು. ಆದ್ದರಿಂದ ಸಾಮಾನು ತುಂಬುವುದು, ಹಗ್ಗ ಕಟ್ಟುವುದು, ಇಂಧನ ನೋಡುವುದು ಇವೆಲ್ಲವೂ ಮೇಲಿನ ಬಯಲಿನಲ್ಲಿಯೇ ಮುಗಿದು, ಇಳಿಜಾರಿನ ಮೇಲೆ ದೋಣಿ ಇರುವ ಹೊತ್ತು ಐದು ನಿಮಿಷ ಮೀರಬಾರದು. ದಿನವೂ ಜನ ಸಾಗಿಸುವ ಹರಿಗೋಲು ಬಂದರೆ ಮೊದಲ ಸರದಿ ಅದಕ್ಕೆ, ಈ ವಿಷಯದಲ್ಲಿ ಚರ್ಚೆ ಬೇಡ.

ಹರಿಗೋಲನ್ನು ಪರೀಕ್ಷಿಸುವ ಸರಳ ಉಪಾಯವೊಂದಿದೆ. ಅದನ್ನು ಬೋರಲು ಹಾಕಿ, ಒಂದು ಬದಿ ಎತ್ತಿ, ಒಳಗೆ ತಲೆ ಹಾಕಿ ಬಿಸಿಲಿಗೆ ಎದುರಾಗಿ ನೋಡಿದರೆ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕಿನ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಕಂಡ ಕಡೆ ಬಟ್ಟೆಯ ತುಂಡಿಟ್ಟು ಕಾಯಿಸಿದ ಡಾಂಬರು ಬಳಿದು, ಆರಿದ ಮೇಲೆಯೇ ನೀರಿಗಿಳಿಸಬೇಕು. ಬಿದಿರಿನ ಸೀಳುಗಳು ಒಂದನ್ನೊಂದು ದಾಟುವ ಕಡೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪುಡಿಯುದುರಿದರೆ ಹುಳು ಹಿಡಿದಿದೆ. ಅಂಚಿನ ಬಳೆಯ ಕಟ್ಟು ಬಿಗಿಯಾಗಿದೆಯೇ ಎಂಬುದನ್ನು ಮರೆಯಬಾರದು, ಹರಿಗೋಲನ್ನು ಎತ್ತುವುದೂ ಎಳೆಯುವುದೂ ಆ ಬಳೆಯನ್ನು ಹಿಡಿದೇ.

ಫೈಬರ್ ಅಥವಾ ಅಲ್ಯೂಮಿನಿಯಂ ದೋಣಿಯಲ್ಲಿ ಮೊದಲು ನೋಡಬೇಕಾದದ್ದು ಹಿಂಬದಿಯ ತಳದ ಬಿರಡೆ. ಒಳಗೆ ಸೇರಿದ ನೀರನ್ನು ದಂಡೆಯ ಮೇಲೆ ಹೊರಬಿಡಲು ಇರುವ ಈ ತೂತನ್ನು ಮುಚ್ಚದೆ ದೋಣಿ ಇಳಿಸಿದವರ ಪಟ್ಟಿ ದೊಡ್ಡದು. ನೀರಿನ ಮಟ್ಟದಿಂದ ಒಂದು ಗೇಣು ಕೆಳಗಿರುವ ಒಂದಂಗುಲದ ತೂತಿನಿಂದ ನಿಮಿಷಕ್ಕೆ ಮೂವತ್ತು ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ ಎಂದರೆ, ಹತ್ತು ನಿಮಿಷದಲ್ಲಿ ನಾಲ್ಕೈದು ಜನರ ತೂಕದಷ್ಟು ನೀರು ನಿಮ್ಮೊಡನೆ ಕುಳಿತಿರುತ್ತದೆ. ಬಿರಡೆಗೆ ಒಂದು ದಾರ ಕಟ್ಟಿ ದೋಣಿಗೇ ಬಿಗಿದಿಡಿ, ಮತ್ತೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ.

ಒಳಗೆ ಇರಬೇಕಾದ ವಸ್ತುಗಳು ಹೆಚ್ಚಿಲ್ಲ. ಕುಳಿತುಕೊಳ್ಳುವ ಪ್ರತಿಯೊಬ್ಬರಿಗೂ ಅವರ ಅಳತೆಯ ಲೈಫ್ ಜಾಕೆಟ್ ಬೇಕು, ಅದನ್ನು ದಂಡೆಯ ಮೇಲೆಯೇ ತೊಟ್ಟು ಬಕಲ್ ಹಾಕಿರಬೇಕು. ದೋಣಿಯ ಮೂಲೆಯಲ್ಲಿ ಗುಡ್ಡೆ ಹಾಕಿದ ಜಾಕೆಟ್ ಯಾರನ್ನೂ ತೇಲಿಸುವುದಿಲ್ಲ. ತೊಟ್ಟವರ ಭುಜದ ಪಟ್ಟಿಯನ್ನು ಹಿಡಿದು ಮೇಲಕ್ಕೆ ಎಳೆದಾಗ ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ದೊಡ್ಡದಾಯಿತು. ಮಕ್ಕಳಿಗೆ ಕಾಲುಸಂದಿನ ಪಟ್ಟಿ ಇರುವಂಥದೇ ಆಗಬೇಕು. ಒಂದು ಹೆಚ್ಚುವರಿ ಹುಟ್ಟು, ನೀರು ಮೊಗೆಯಲು ಒಂದು ಡಬ್ಬಿ, ಹದಿನೈದು ಮೀಟರಿನ ಎರಡು ಹಗ್ಗ, ಒಂದು ಸೀಟಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮೊಬೈಲ್. ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108. ಗಡ್ಡೆಗಳಲ್ಲಿ ಎಲ್ಲ ಕಡೆಯೂ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಯಾವ ಹೊತ್ತಿಗೆ ಮರಳುತ್ತೀರಿ ಎಂಬುದನ್ನು ದಂಡೆಯಲ್ಲಿರುವ ಒಬ್ಬರಿಗೆ ಹೇಳಿ ಹೋಗಬೇಕು.

ಮೋಟಾರ್ ಕಟ್ಟಿದ ದೋಣಿಗೆ ಕಾನೂನಿನ ಮಾತೂ ಇದೆ. 1917ರ ಹಳೆಯ ಕಾಯ್ದೆಯ ಬದಲು ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಯಂತ್ರಚಾಲಿತ ದೋಣಿಗಳಿಗೆ ನೋಂದಣಿ ಅಗತ್ಯ, ಅಣೆಕಟ್ಟೆಯ ಸಮೀಪದ ನೀರಿನಲ್ಲಿ ಇಳಿಯಲು ಅಣೆಕಟ್ಟೆಯವರ ಅನುಮತಿಯೂ ಬೇಕು.

ಹರಿಗೋಲನ್ನು ಇಳಿಸುವುದು

ಹರಿಗೋಲನ್ನು ಇಳಿಜಾರಿನ ಮೇಲೆ ಎಳೆದು ತರಬಾರದು. ಒಂದೇ ಒಂದು ಸಲ ಕಾಂಕ್ರೀಟಿನ ಮೇಲೆ ಎಳೆದರೂ ಡಾಂಬರು ಕಿತ್ತು ಹಾಳೆ ಹರಿಯುತ್ತದೆ, ಸೋರಿಕೆ ಮಾತ್ರ ನಡುನೀರಿಗೆ ಹೋದ ಮೇಲೆ ಗೊತ್ತಾಗುತ್ತದೆ. ಚಿಕ್ಕದಾದರೆ ಒಬ್ಬರು ಕೊಡೆಯಂತೆ ತಲೆಯ ಮೇಲೆ ಬೋರಲು ಹೊತ್ತು ತರಬಹುದು, ಆದರೆ ಹೊತ್ತವರಿಗೆ ತಮ್ಮ ಪಾದಗಳ ಹೊರತು ಏನೂ ಕಾಣುವುದಿಲ್ಲವಾದ್ದರಿಂದ ಮುಂದೊಬ್ಬರು ದಾರಿ ಹೇಳುತ್ತಾ ನಡೆಯಬೇಕು. ಗಾಳಿ ಜೋರಾಗಿದ್ದರೆ ಈ ಕೊಡೆ ಹೊತ್ತವರನ್ನೇ ಎತ್ತಿಕೊಂಡು ಹೋಗಲು ನೋಡುತ್ತದೆ, ಆಗ ಇಬ್ಬರು ಎದುರುಬದುರು ಬಳೆ ಹಿಡಿದು ತರುವುದು ಲೇಸು. ದೊಡ್ಡದನ್ನು ನಾಲ್ವರು ಎತ್ತಬೇಕು.

ನೀರಿನಂಚಿಗೆ ಬಂದಾಗ ಅದನ್ನು ಮಗುಚಿ, ಮೊದಲು ಅರ್ಧ ಭಾಗ ಮಾತ್ರ ನೀರಿಗೆ ತಾಗುವಂತೆ ಇರಿಸಿ, ಬಳೆಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ದಂಡೆಯಲ್ಲಿ ಒಬ್ಬರ ಕೈಗೆ ಕೊಡಬೇಕು. ಹಗ್ಗವನ್ನು ಅಂಗೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬಾರದು. ನಂತರ ಮೊಣಕಾಲು ಮಟ್ಟದ ನೀರಿಗೆ ತಳ್ಳಿ ಎರಡು ನಿಮಿಷ ಖಾಲಿಯಾಗಿಯೇ ತೇಲಲು ಬಿಟ್ಟು ಒಳಗೆ ತೇವ ಒಸರುತ್ತದೆಯೇ ಎಂದು ನೋಡಬೇಕು. ಈ ಎರಡು ನಿಮಿಷದ ತಾಳ್ಮೆ ಪ್ರಯಾಣಿಕರಿಗೆ ಸಾಮಾನ್ಯವಾಗಿ ಇರುವುದಿಲ್ಲ, ಇಳಿಸುವವರಿಗೆ ಇರಲೇಬೇಕು.

ಸೆಳವಿರುವ ಹೊಳೆಯಲ್ಲಿ ಎಲ್ಲಿ ಇಳಿಸಬೇಕೆಂಬುದಕ್ಕೂ ಲೆಕ್ಕವಿದೆ. ಇನ್ನೂರು ಮೀಟರ್ ಅಗಲದ ಕವಲನ್ನು ಸೆಕೆಂಡಿಗೆ ಅರ್ಧ ಮೀಟರಿನಂತೆ ಹುಟ್ಟು ಹಾಕಿ ದಾಟಲು ನಾನೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ನಿಮ್ಮನ್ನು ನಾನೂರು ಮೀಟರ್ ಕೆಳಗೆ ಒಯ್ದಿರುತ್ತದೆ. ಆದ್ದರಿಂದಲೇ ಅಂಬಿಗರು ಎದುರು ದಂಡೆಯ ಕಟ್ಟೆಗೆ ನೇರವಾಗಿ ಹೊರಡದೆ, ಹರಿಗೋಲನ್ನು ದಂಡೆಗುಂಟ ಮೇಲಕ್ಕೆ ಎಳೆದೊಯ್ದು ಅಲ್ಲಿಂದ ಬಿಡುತ್ತಾರೆ. ಹೊಸಬರು ಇದನ್ನು ಸುಮ್ಮನೆ ತಡಮಾಡುವುದೆಂದು ಭಾವಿಸಿ ಗೊಣಗುವುದನ್ನು ನಾನು ಕೇಳಿದ್ದೇನೆ.

ಟ್ರೇಲರಿನಿಂದ ಇಳಿಸುವುದು

ಹೆಚ್ಚಿನ ಗಡ್ಡೆಗಳಿಗೆ ವಾಹನ ಹೋಗುವುದಿಲ್ಲ, ಈ ಭಾಗ ದಂಡೆಯ ಕಡೆಯ ಇಳಿಜಾರಿಗೆ ಸಂಬಂಧಿಸಿದ್ದು. ದೂರದಿಂದ ಬಂದ ಟ್ರೇಲರಿನ ಗಾಲಿಯ ಗುಂಬ ಬಿಸಿಯಾಗಿರುತ್ತದೆ, ಅದನ್ನು ಹಾಗೆಯೇ ತಣ್ಣೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ಬೇರಿಂಗಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ನಲವತ್ತು ಡಿಗ್ರಿಯ ಬೇಸಿಗೆಯಲ್ಲಿ ಅರ್ಧ ಗಂಟೆಯಾದರೂ ನೆರಳಿನಲ್ಲಿ ನಿಲ್ಲಿಸಬೇಕು. ಸಿದ್ಧತೆಯನ್ನು ಮೇಲೆಯೇ ಮುಗಿಸಲು ಆ ಅರ್ಧ ಗಂಟೆಯೇ ಸಾಕು. ಹಿಂದಿನ ದೀಪದ ವೈರ್ ಬಿಚ್ಚಿ, ದೋಣಿಯ ಹಿಂಭಾಗದ ಕಟ್ಟುಪಟ್ಟಿ ತೆಗೆದು, ಮೋಟಾರನ್ನು ಮೇಲಕ್ಕೆ ಬಾಗಿಸಿ, ಬಿರಡೆಯನ್ನು ಇನ್ನೊಮ್ಮೆ ಮುಟ್ಟಿ ನೋಡಬೇಕು. ಮೂತಿಯನ್ನು ಹಿಡಿದಿರುವ ವಿಂಚಿನ (ಟ್ರೇಲರಿನ ಮುಂದಿರುವ, ಕೈಯಿಂದ ಸುತ್ತುವ ರಾಟೆಯ) ಪಟ್ಟಿಯನ್ನು ಮಾತ್ರ ದೋಣಿ ತೇಲುವವರೆಗೆ ಬಿಚ್ಚಕೂಡದು, ಬಿಚ್ಚಿದರೆ ನುಣುಪಾದ ರೋಲರುಗಳ ಮೇಲಿಂದ ದೋಣಿ ಕಾಂಕ್ರೀಟಿನ ಮೇಲೆಯೇ ಜಾರಿ ಬೀಳುತ್ತದೆ.

ಹಿಮ್ಮುಖವಾಗಿ ನಡೆಸುವಾಗ ಸ್ಟೇರಿಂಗಿನ ಕೆಳಭಾಗವನ್ನು ಒಂದು ಕೈಯಲ್ಲಿ ಹಿಡಿದರೆ ಗೊಂದಲ ತಪ್ಪುತ್ತದೆ: ಕೈ ಯಾವ ಕಡೆಗೆ ಸರಿಯುತ್ತದೆಯೋ ಟ್ರೇಲರಿನ ಹಿಂಭಾಗ ಆ ಕಡೆಗೇ ಹೋಗುತ್ತದೆ. ನೀರಿನ ಹತ್ತಿರ ಸೀಟ್ ಬೆಲ್ಟ್ ತೆಗೆದು ಕಿಟಕಿ ಇಳಿಸಿಕೊಳ್ಳಬೇಕು, ಚಾಲಕನ ಹೊರತು ಯಾರೂ ಒಳಗಿರಬಾರದು, ಟ್ರೇಲರಿನ ಹಿಂದೆ ಯಾರೂ ನಿಲ್ಲಬಾರದು. ಮೊದಲೇ ಗುರುತು ಮಾಡಿದ ಕಾಂಕ್ರೀಟಿನ ಅಂಚಿಗಿಂತ ಒಂದು ಮಾರು ಹಿಂದೆಯೇ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ, ಮೊದಲ ಗೇರಿನಲ್ಲಿ ಬಿಟ್ಟು, ವಾಹನದ ಗಾಲಿಗಳಿಗೆ ಕೆಳಗಿನ ಬದಿಯಿಂದ ಅಡ್ಡಗಲ್ಲು ಕೊಡಬೇಕು. ಹ್ಯಾಂಡ್ ಬ್ರೇಕ್ ಒಂದನ್ನೇ ನಂಬುವುದು ತೇವದ ಇಳಿಜಾರಿನಲ್ಲಿ ಜಾಣತನವಲ್ಲ. ದೋಣಿಯ ಹಿಂಭಾಗ ಎದ್ದು ತೇಲಿದಾಗ ಮೂತಿಯ ಹಗ್ಗವನ್ನು ಒಬ್ಬರು ಹಿಡಿದು, ಆಮೇಲೆ ವಿಂಚ್ ಬಿಚ್ಚಿ, ನಿಧಾನವಾಗಿ ಹಿಂದಕ್ಕೆ ತಳ್ಳಿ ಪಕ್ಕಕ್ಕೆ ಎಳೆದುಕೊಳ್ಳಬೇಕು. ಅಡ್ಡಗಲ್ಲನ್ನು ತೆಗೆಯುವುದು ಚಾಲಕ ಬ್ರೇಕ್ ಒತ್ತಿ ಕುಳಿತ ಮೇಲೆಯೇ. ಅದನ್ನು ಇಳಿಜಾರಿನ ಮೇಲೆಯೇ ಬಿಟ್ಟು ಹೋಗುವ ಅಭ್ಯಾಸ ನಮ್ಮ ಹೆದ್ದಾರಿಗಳಿಂದ ಇಲ್ಲಿಗೂ ಬಂದಿದೆ.

ಮೋಟಾರನ್ನು ನೀರಿನೊಳಗೆ ಇಳಿಸದೆ ಚಾಲೂ ಮಾಡಬಾರದು, ತಂಪು ನೀರು ಸಿಗದೆ ಪಂಪು ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಚಾಲೂ ಆದ ಮೇಲೆ ಪಕ್ಕದ ಸಣ್ಣ ರಂಧ್ರದಿಂದ ನೀರಿನ ಎಳೆ ಚಿಮ್ಮುತ್ತಿದೆಯೇ ಎಂದು ನೋಡಿ, ಎಂಜಿನ್ ಆರಿಸುವ ದಾರವನ್ನು ನಡೆಸುವವರ ಮಣಿಕಟ್ಟಿಗೆ ಸಿಕ್ಕಿಸಿ, ಆಮೇಲೆ ಗೇರಿಗೆ ಹಾಕಬೇಕು.

ಹತ್ತುವುದು ಮತ್ತು ಮೊದಲ ಹುಟ್ಟು

ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಯಾಣದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ದಂಡೆಯಿಂದ ದೋಣಿಗೆ ಕಾಲಿಡುವ ಆ ಒಂದು ಹೆಜ್ಜೆಗೆ. ಒಂದು ಕಾಲು ದಂಡೆಯಲ್ಲಿ, ಒಂದು ಕಾಲು ದೋಣಿಯಲ್ಲಿ ಇಟ್ಟು ಮಾತಾಡುತ್ತಾ ನಿಂತವರನ್ನು ದೋಣಿ ಕಾಯುವುದಿಲ್ಲ. ಹರಿಗೋಲಾದರೆ ಒಬ್ಬರು ಬಳೆಯನ್ನು ಬಿಗಿಯಾಗಿ ಹಿಡಿದಿರಬೇಕು. ಹತ್ತುವವರು ಅಂಚನ್ನು ತುಳಿಯದೆ ಕಾಲನ್ನು ನೇರವಾಗಿ ತಳದ ನಡುವಿಗೆ ಇಟ್ಟು, ಕೂಡಲೇ ಬಗ್ಗಿ ಕುಳಿತು, ಮುಂದಿನವರಿಗೆ ಜಾಗ ಬಿಟ್ಟು ಸರಿಯಬೇಕು. ಎದುರುಬದುರಾಗಿ ಒಬ್ಬೊಬ್ಬರಂತೆ ತುಂಬಿದರೆ ತೂಕ ಸಮವಾಗುತ್ತದೆ. ಹುಟ್ಟು ಹಾಕುವವರ ಎದುರಿನ ಜಾಗ ಖಾಲಿ ಇರಬೇಕು. ಕುಳಿತಾದ ಮೇಲೆ ನೀರಿನಿಂದ ಬಳೆಯವರೆಗೆ ಒಂದು ಗೇಣಿಗಿಂತ ಹೆಚ್ಚು ಎತ್ತರ ಉಳಿದಿರಲಿ, ಉಳಿದಿಲ್ಲವಾದರೆ ಒಬ್ಬರು ಇಳಿದು ಮುಂದಿನ ಸರದಿಗೆ ಬರಬೇಕು. ಬೈಕ್ ಏರಿಸುವುದು, ಮೇಕೆಗಳನ್ನು ಜನರ ಜೊತೆಗೆ ತುಂಬುವುದು ಅಲ್ಲಲ್ಲಿ ರೂಢಿಯಲ್ಲಿದೆ. ಅನಿವಾರ್ಯವಾದರೆ ಅವಕ್ಕೆ ಬೇರೆ ಸರದಿ ಮಾಡಿ. ಅರ್ಧ ದಾರಿಯಲ್ಲಿ ಮೇಕೆ ಬೆದರಿದರೆ ಎಲ್ಲರೂ ಒಂದೇ ಬದಿಗೆ ಸರಿಯುತ್ತಾರೆ.

ಹರಿಗೋಲಿನ ಹುಟ್ಟನ್ನು ಪಕ್ಕಕ್ಕೆ ಹಾಕಿದರೆ ಅದು ಬುಗುರಿಯಂತೆ ಸುತ್ತುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಹುಟ್ಟನ್ನು ಮುಂದೆ ಚಾಚಿ ನೆಟ್ಟಗೆ ಇಳಿಸಿ, ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದೇ ಸರಿಯಾದ ಕ್ರಮ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸ್ವಲ್ಪ ಓರೆಯಾಗಿ ಎಳೆದರೆ ಸುತ್ತು ತಹಬಂದಿಗೆ ಬರುತ್ತದೆ. ದಂಡೆಯ ಹಗ್ಗವನ್ನು ಬಿಡಬೇಕಾದದ್ದು ಮೊದಲ ನಾಲ್ಕು ಹುಟ್ಟು ಸರಿಯಾಗಿ ಬಿದ್ದ ಮೇಲೆ.

ಹೊರಡುವ ಹೊತ್ತು ಬೆಳಿಗ್ಗೆಯೇ ಆಗಿರಲಿ. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನಗಳಲ್ಲಿ ಏಳುವ ಬಿರುಗಾಳಿ, ಗುಡುಗು ಸಿಡಿಲು ಹಿನ್ನೀರಿನ ಬಯಲಿನಲ್ಲಿ ಅಡಗಲು ಜಾಗವನ್ನೇ ಕೊಡುವುದಿಲ್ಲ. ಮುಂಗಾರಿನ ಪಡುವಣ ಗಾಳಿ ಜಲಾಶಯದ ಉದ್ದಕ್ಕೂ ಬೀಸಿ ಬಂದಾಗ ಕೆರೆಯ ಅಲೆ ಎಂದು ನಗುವವರನ್ನು ಅದು ಬೇಗ ಸುಮ್ಮನಾಗಿಸುತ್ತದೆ. ದಂಡೆಯ ಹತ್ತಿರ ಪ್ಲಾಸ್ಟಿಕ್ ಬಾಟಲಿಗಳು ಸಾಲಾಗಿ ತೇಲುತ್ತಿದ್ದರೆ ಅದು ಕಸವಲ್ಲ, ಮೀನುಗಾರರ ಬಲೆ, ಸುತ್ತು ಹಾಕಿ ಹೋಗಬೇಕು. ಕೃಷ್ಣೆಯಲ್ಲಿಯೂ ತುಂಗಭದ್ರೆಯಲ್ಲಿಯೂ ಮೊಸಳೆಗಳಿವೆ. ಚಳಿಗಾಲದ ಬೆಳಿಗ್ಗೆ ಅವು ಬಿಸಿಲು ಕಾಯಲು ಮಲಗುವ ಜಾಗಗಳೂ ನಮಗೆ ಹಿತವೆನಿಸುವ ಇಳಿಜಾರು ದಂಡೆಗಳೇ. ಇಳಿಜಾರಿನಲ್ಲಿ ಮೀನು ಹಸನು ಮಾಡಿ ಕರುಳು ಎಸೆಯುವುದು ಅವುಗಳನ್ನು ಕರೆದು ಕೂರಿಸಿದಂತೆ. ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ, ಅಲ್ಲಿ ದೋಣಿಯ ವೇಗವೂ ಸದ್ದೂ ತಗ್ಗಿರಲಿ.

ಕಟ್ಟುವುದು ಮತ್ತು ಮೇಲೆತ್ತುವುದು

ಕೆಲವು ವರ್ಷಗಳ ಹಿಂದೆ ಆಗಸ್ಟ್ ತಿಂಗಳ ಒಂದು ಸಂಜೆ ಗೆಳೆಯನ ಫೈಬರ್ ದೋಣಿಯನ್ನು ಹಿನ್ನೀರಿನ ಇಳಿಜಾರಿನ ಪಕ್ಕದ ಬೇಲಿಕಂಬಕ್ಕೆ ನಾನೇ ಕಟ್ಟಿದ್ದೆ. ಅಲೆಗೆ ಕಲ್ಲಿಗೆ ಬಡಿಯಬಾರದೆಂದು ಹಗ್ಗವನ್ನು ಗಿಡ್ಡವಾಗಿ, ಬಿಗಿಯಾಗಿ ಬಿಗಿದೆ. ರಾತ್ರಿ ಮೇಲಿನ ಮಲೆನಾಡಿನ ಮಳೆಯ ನೀರು ಬಂದು ಜಲಾಶಯ ಏರಿತು. ನೀರು ಏರಿದಂತೆಲ್ಲ ದೋಣಿಯೂ ಏರಬೇಕಿತ್ತು, ಹಗ್ಗ ಮೂತಿಯನ್ನು ಕೆಳಗೇ ಹಿಡಿದಿಟ್ಟಿತು. ಬೆಳಿಗ್ಗೆ ನೋಡಿದಾಗ ದೋಣಿ ಮೂತಿಯಡಿಯಾಗಿ ಮುಳುಗಿ ಹಿಂಭಾಗ ಮಾತ್ರ ಹೊರಗಿತ್ತು. ಅದನ್ನು ಖಾಲಿ ಮಾಡಿ ಮೇಲೆತ್ತಲು ಆರು ಜನ ಮಧ್ಯಾಹ್ನದವರೆಗೆ ಹೆಣಗಬೇಕಾಯಿತು, ಗೆಳೆಯ ಇಂದಿಗೂ ನನ್ನ ಕೈಗೆ ಹಗ್ಗ ಕೊಡುವುದಿಲ್ಲ.

ನೀರು ಇಳಿಯುವಾಗ ಆಗುವುದು ಇದರ ತಿರುಗುಮುರುಗು: ದೋಣಿ ಇಳಿಜಾರಿನ ಮೇಲೆ ಹಗ್ಗಕ್ಕೆ ಜೋತುಬಿದ್ದು ಒಂದು ಬದಿಗೆ ವಾಲುತ್ತದೆ. ಎರಡಕ್ಕೂ ಪರಿಹಾರ ಒಂದೇ. ಹಗ್ಗವನ್ನು ಇಳಿಜಾರಿನ ಎತ್ತರದಲ್ಲಿರುವ ಗಟ್ಟಿ ಮರಕ್ಕೋ ಕಂಬಕ್ಕೋ ಕಟ್ಟಿ, ನೀರಿನ ಏರಿಳಿತದ ಕೆಲವು ಪಟ್ಟು ಉದ್ದ ಬಿಡಬೇಕು, ಹಿಂಭಾಗದಿಂದ ಒಂದು ಕಲ್ಲಿನ ಲಂಗರನ್ನು ಹೊರಗೆ ಹಾಕಬೇಕು. ರಾತ್ರಿ ಇರಬೇಕಾದರೆ ಮಾತ್ರ ಈ ಉಪಾಯ. ಸಾಧ್ಯವಿದ್ದಾಗಲೆಲ್ಲ ಸಣ್ಣ ದೋಣಿಯನ್ನು ಪೂರ್ತಿಯಾಗಿ ಮೇಲೆತ್ತಿ, ಹಳೆಯ ಪ್ರವಾಹದ ಕಸ ನಿಂತಿರುವ ಗೆರೆಗಿಂತ ಮೇಲಿಡುವುದೇ ಉತ್ತಮ.

ಟ್ರೇಲರಿಗೆ ಏರಿಸುವಾಗ ಮೋಟಾರಿನ ಬಲದಿಂದ ದೋಣಿಯನ್ನು ಒತ್ತಿ ಏರಿಸುವವರಿದ್ದಾರೆ. ಕಾಂಕ್ರೀಟಿನ ಅಂಚಿನ ಕೆಳಗೆ ಹಳ್ಳ ಕೊರೆಯುವುದು ಅದೇ ಅಭ್ಯಾಸ, ಆದ್ದರಿಂದ ವಿಂಚಿನಿಂದಲೇ ಎಳೆಯಬೇಕು. ಮೇಲೆ ಬಂದ ಮೇಲೆ ಬಿರಡೆ ತೆಗೆದು ನೀರು ಬಸಿದು, ಗಾಲಿ ಮತ್ತು ಅಚ್ಚಿಗೆ ಸುತ್ತಿದ ಅಂತರಗಂಗೆಯ ಬೇರು, ಜೊಂಡು, ಬಸವನಹುಳುಗಳನ್ನು ಅಲ್ಲಿಯೇ ಕಿತ್ತು ದಂಡೆಯ ಒಣ ಮಣ್ಣಿನ ಮೇಲೆ ಹಾಕಬೇಕು. ಹೊಳೆಯಿಂದ ಊರ ಕೆರೆಗೆ ಒಂದು ಗಿಡ ಹೋದರೂ ಮುಂದಿನ ವರ್ಷ ಕೆರೆಯೆಲ್ಲ ಅದೇ ಆಗಿರುತ್ತದೆ. ಹರಿಗೋಲನ್ನು ಬೋರಲು ಹಾಕುವಾಗ ನೆಲಕ್ಕೆ ನೇರವಾಗಿ ತಾಗದಂತೆ ಮೂರು ಕಡೆ ಕಲ್ಲಿಟ್ಟರೆ ಗಾಳಿಯಾಡಿ ಬಿದಿರು ಒಣಗುತ್ತದೆ, ಗೆದ್ದಲೂ ಹತ್ತುವುದಿಲ್ಲ. ಬೇಸಿಗೆಯಲ್ಲಿ ಜಾಗ ನೆರಳಿನದಾಗಿರಬೇಕು, ಬಿಸಿಲಿನಲ್ಲಿಟ್ಟರೆ ಡಾಂಬರು ಮೆತ್ತಗಾಗಿ ಇಳಿದು ತಳ ತೆಳ್ಳಗಾಗುತ್ತದೆ. ಮರುದಿನ ಬೆಳಿಗ್ಗೆ ಅದನ್ನು ಎತ್ತುವ ಮುನ್ನ ಕೋಲಿನಿಂದ ಬಳೆಯನ್ನು ಎರಡು ಬಾರಿ ತಟ್ಟಿ ಸ್ವಲ್ಪ ಹೊತ್ತು ಕಾಯಿರಿ. ಆ ತಂಪಿನ ನೆರಳಿಗೆ ರಾತ್ರಿ ಹಾವು ಬಂದಿದ್ದರೆ ಅದು ತಾನಾಗಿಯೇ ಹೊರಟುಹೋಗುತ್ತದೆ.